ನಾವು ಬೆಳೆದಿದ್ದೇವೆಂದು ಹೇಳಿದವರಾರು?

ಕೊನೆಯ ವರ್ಷದ ಬೀಳ್ಕೊಡುಗೆ ಸಮಾರಂಭದಲ್ಲಿ ನಮ್ಮ ಕೈಗೆ ಒಂದೊಂದು ಗುಲಾಬಿ, ಒಂದೊಂದು ಪೆನ್ನು ಕೊಟ್ಟರು. ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತು ನೀವು ಬೆಳೆದಿದ್ದೀರಿ ಅಂದರು. ಹಳ್ಳಿಯಿಂದ ಬಂದ ಮೊಗ್ಗುಗಳು ಹೂವಾಗಿವೆ ಅಂದರು. ಮುಂದೆ ಏನಾಗಬೇಕೆಂದಿದ್ದೀರಿ, ಒಬ್ಬೊಬ್ಬರೇ ಬಂದು ಹೇಳಿ ಅಂದರು. ಒಬ್ಬ ಕೆಎಎಸ್ ಅಂದ. ಒಬ್ಬಳು ಟೀಚರ್ ಅಂದಳು. ಇನ್ನೊಬ್ಬ ಪಿಎಸ್‌ಐ ಅಂದ. ಚಪ್ಪಾಳೆ! ನಮ್ಮ ಸರದಿ ಬಂದಾಗ ನಾವೂ ಅಂಥದೇ ಏನೋ ಅಂದೆವು. ಚಪ್ಪಾಳೆಗಾಗಿ ಅಂದ ಆ ಮಾತನ್ನು ಹಿಂದಕ್ಕೆ ತಗೊಳ್ಳಲು ಈ ಬರಹ.

ನಾವೆಂದರೆ ಕೊಡಂಬಲದ, ಅದರ ಸುತ್ತಲಿನ ಹಳ್ಳಿಗಳ ಕೇರಿಗಳಿಂದ ಹೋಗಿ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು. ನಮ್ಮ ಮನೆಗಳಲ್ಲಿ ನಮಗಿಂತ ಮೊದಲು ಕಾಲೇಜಿನ ಮೆಟ್ಟಿಲು ತುಳಿದವರಿಲ್ಲ. ತೊಗರಿ ಕೊಯ್ದ ಕೈ, ಕಬ್ಬು ಕಡಿದ ಕೈ, ಹೈದರಾಬಾದು ಪುಣೆಗಳ ಕಟ್ಟಡಗಳಿಗೆ ಇಟ್ಟಂಗಿ ಹೊತ್ತ ಕೈ ನಮ್ಮ ಫೀಜು ಕಟ್ಟಿವೆ. ನಮ್ಮ ಜೋಡಿ ಹತ್ತನೇತ್ತೆ ತನಕ ಓದಿದ ಹುಡುಗಿಯರಲ್ಲಿ ಎಷ್ಟೋ ಮಂದಿ ಇವತ್ತು ಎರಡೆರಡು ಮಕ್ಕಳ ತಾಯಿ. ಅವರನ್ನು ಯಾವ ಮುಖ್ಯ ಅತಿಥಿಯೂ ವೇದಿಕೆಗೆ ಕರೆದು ಮುಂದೇನು ಅಂತ ಕೇಳಲಿಲ್ಲ.

ನಮ್ಮಲ್ಲೊಬ್ಬನ ಅವ್ವ ಮಾರ್ಕ್ಸ್ ಕಾರ್ಡನ್ನು ತಿರುವಿ ಮುರುವಿ ನೋಡಿ ಕೇಳಿದಳು:

"ಇಷ್ಟ್ ವರ್ಷ ಓದ್ದಿ. ಈಗ ನೀ ಏನಾದಿ ಯಪ್ಪಾ?"

"ಬಿ.ಎ. ಆಗ್ಯಾದವ್ವ."

"ಅಂದ್ರ, ಅದಕ್ಕ ಏನ್ ಮಾಡ್ತಾರ?"

ಮೂರು ವರ್ಷ ಬರೆದ ಯಾವ ಪ್ರಶ್ನೆಪತ್ರಿಕೆಯಲ್ಲೂ ಇಷ್ಟು ದೊಡ್ಡ ಪ್ರಶ್ನೆ ಬಂದಿರಲಿಲ್ಲ.

ಗೆಳೆಯರೇ, ಲೆಕ್ಕ ಒಪ್ಪಿಸುತ್ತೇವೆ. ಈ ಮೂರು ವರ್ಷದಲ್ಲಿ ನಾವು ಕಲಿತದ್ದೇನು? ಓದುವ ಊರಲ್ಲಿ ರೂಮು ಹುಡುಕಲು ಹೋದಾಗ ಮನೆಯವರು ಬಾಡಿಗೆ ಹೇಳುವ ಮೊದಲು "ನೀವ್ ಯಾ ಮಂದಿ?" ಅಂತ ಕೇಳಿದರು. ಎರಡು ಮನೆಗಳಲ್ಲಿ ನಿಜ ಹೇಳಿದೆವು. ರೂಮು ಆಗಲೇ ಕೊಟ್ಟಾಗಿದೆ ಅಂದರು. ಮೂರನೇ ಮನೆಯಲ್ಲಿ ಬೇರೆ ಜಾತಿಯ ಹೆಸರು ಹೇಳಿದೆವು. ಕೀಲಿ ಕೈಗೆ ಬಂತು. ಅಂದು ರಾತ್ರಿ ಬಾಬಾಸಾಹೇಬರ ಫೋಟೋವನ್ನು ಟ್ರಂಕಿನ ತಳದಲ್ಲಿ, ಬಟ್ಟೆಗಳ ಅಡಿಯಲ್ಲಿ ಇಟ್ಟೆವು. ಅವ್ವ ರೊಟ್ಟಿ ಗಂಟು ಕಟ್ಟಿಕೊಂಡು ಬಂದರೆ ಬಸ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿ ಗಂಟು ಇಸಗೊಂಡು ತಿರುಗಿ ಕಳಿಸಿದೆವು. ಅವಳ ಮಾತು, ಅವಳ ಹಣೆಯ ಹಚ್ಚೆ ಮನೆಯವರಿಗೆ ಎಲ್ಲವನ್ನೂ ಹೇಳಿಬಿಡುತ್ತವೆ ಎಂಬ ಹೆದರಿಕೆ. "ರೂಮ್ ಹೆಂಗದ, ಒಂದ್ಸಲ ನೋಡ್ತೀನಿ" ಅಂದಳು. "ಪರೀಕ್ಷಾ ಅದವವ್ವ" ಅಂದೆವು. ಆ ತಿಂಗಳು ಪರೀಕ್ಷೆ ಇರಲಿಲ್ಲ.

ಇದನ್ನು ನೀವು ಬೆಳವಣಿಗೆ ಅಂತೀರಾ?

1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬರೋಡಾ ಸಂಸ್ಥಾನದ ನೌಕರಿಗೆ ಬಂದ ಬಾಬಾಸಾಹೇಬರಿಗೂ ಇರಲು ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಕೆಲವೇ ದಿನದಲ್ಲಿ ಗೊತ್ತಾಗಿ, ಬಡಿಗೆ ಹಿಡಿದು ಬಂದ ಗುಂಪು ಅವರನ್ನು ಹೊರಹಾಕಿತು. ಈ ಕಥೆಯನ್ನು ನಮ್ಮ ಹಾಸ್ಟೆಲ್ ಹುಡುಗರು ಏಪ್ರಿಲ್ 14ರ ಭಾಷಣದಲ್ಲಿ ಕಣ್ಣೀರು ಹಾಕಿ ಹೇಳುತ್ತಾರೆ. ನಾವೂ ಹೇಳಿದ್ದೇವೆ. ಆದರೆ ಅಲ್ಲಿಗೇ ನಿಲ್ಲಿಸುತ್ತೇವೆ. ಹತ್ತು ವರ್ಷದ ನಂತರ, 1927ರ ಮಾರ್ಚ್ 20ರಂದು ಅದೇ ಮನುಷ್ಯ ಸಾವಿರಾರು ಜನರನ್ನು ಕಟ್ಟಿಕೊಂಡು ಮಹಾಡದ ಚೌದಾರ ಕೆರೆಗೆ ಇಳಿದು ನೀರು ಕುಡಿದರು. ಬರೋಡಾದ ಅವಮಾನವನ್ನು ಟ್ರಂಕಿನಲ್ಲಿ ಮಡಿಚಿ ಇಡಲಿಲ್ಲ. ನಾವು ಇಟ್ಟೆವು. ಫೋಟೋದ ಸಂಗಡ ಇಟ್ಟೆವು.

ಇನ್ನು ಮೆರಿಟ್ಟಿನ ಮಹಾಶಯರಿಗೆ ಎರಡು ಮಾತು. ನಿಮಗೇನಪ್ಪ, ರಿಸರ್ವೇಶನ್ ಅದ, ಪಾಸಾದರ ಸಾಕು ಅಂತ ನಮ್ಮ ಬೆನ್ನು ತಟ್ಟಿದವರು ಲೆಕ್ಕವಿಲ್ಲ. ಸ್ವಾಮಿ, 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮದ ಜಾಡು ಮೊದಲು ಹೊರಬಿದ್ದದ್ದು ನಮ್ಮದೇ ಕಲಬುರಗಿಯಲ್ಲಿ. 2022ರಲ್ಲಿ ಫಲಿತಾಂಶ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಖಾಲಿ ಬಿಟ್ಟ ಉತ್ತರಪತ್ರಿಕೆಯನ್ನು ಆಮೇಲೆ ತುಂಬಿಸಿಕೊಂಡರೆಂಬ ಆರೋಪ ಹೊತ್ತವರ ಮೆರಿಟ್ಟಿನ ಬಗ್ಗೆ ನಿಮ್ಮಿಂದ ಒಂದು ಮಾತೂ ಬರಲಿಲ್ಲ. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಇಂಗ್ಲಿಷ್ ಓದಿದವರಿಗೆ ಮಾತ್ರ ಅರ್ಥವಾಗುವ ಕನ್ನಡದಲ್ಲಿದ್ದವು! ಗದ್ದಲವಾಗಿ ಡಿಸೆಂಬರ್ 29ರಂದು ಮರುಪರೀಕ್ಷೆ ಮಾಡಿದರು. ಅದರಲ್ಲೂ ತಪ್ಪುಗಳು. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಿಂದ ಬಂದವರು ಕನ್ನಡ ನಾಡಿನ ಪರೀಕ್ಷೆಯಲ್ಲಿ ಕನ್ನಡದಿಂದಲೇ ಸೋಲಬೇಕು. ಇದು ಯಾರ ದಡ್ಡತನ?

ನಮ್ಮ ಭಾಗಕ್ಕೆ 371(ಜೆ) ಬಂತು, 2012ರ 98ನೇ ತಿದ್ದುಪಡಿಯಿಂದ. ಇಲ್ಲಿನ ಸಿ ದರ್ಜೆ ಹುದ್ದೆಗಳಲ್ಲಿ ನೂರಕ್ಕೆ 80 ಇಲ್ಲಿನವರಿಗೆ. ಒಳ್ಳೆಯದು, ಹೋರಾಡಿ ತಂದವರಿಗೆ ಶರಣು. ಆದರೆ ಖಾಲಿ ಹುದ್ದೆ ತುಂಬದೇ ಬಿಟ್ಟರೆ ಆ ಎಂಬತ್ತು ಯಾವುದರ ಎಂಬತ್ತು? 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಬೋರ್ಡು ಬದಲಾಯಿಸಲು ಪರೀಕ್ಷೆ ಬೇಕಾಗಲಿಲ್ಲ.

ಕಲ್ಯಾಣ ಅಂದೊಡನೆ ಇನ್ನೊಂದು ಮಾತು. ಬಸವಕಲ್ಯಾಣದಲ್ಲಿ 500 ಕೋಟಿ ರೂಪಾಯಿಯ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ಬಸವಣ್ಣನ ಬಗ್ಗೆ ನಮಗೆ ತಕರಾರಿಲ್ಲ. ಅವರು ನಮ್ಮವರು. ಆದರೆ ಆ ಕಲ್ಯಾಣ ಹೊತ್ತಿ ಉರಿದದ್ದು ಯಾತಕ್ಕೆ? ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಬೀಗತನವಾದದ್ದಕ್ಕೆ, ಬೀಗರಿಬ್ಬರನ್ನೂ ಎಳೆಹೂಟೆಗೆ ಕೊಟ್ಟದ್ದಕ್ಕೆ ಎಂದು ಶರಣರ ಕಥೆಗಳು ಹೇಳುತ್ತವೆ. ಮಂಟಪದ ಕಂಬ ಎಷ್ಟು ಎತ್ತರವಾದರೂ ಏರಲಿ. ನಮಗೆ ರೂಮು ಕೊಡದ ಮನೆಯ ಗೋಡೆಯ ಮೇಲೂ ಬಸವಣ್ಣನ ಫೋಟೋ ಇತ್ತು. ನಮ್ಮದು ಟ್ರಂಕಿನಲ್ಲಿ, ಅವರದು ಗೋಡೆಯಲ್ಲಿ. ಇಷ್ಟೇ ವ್ಯತ್ಯಾಸ.

ಬರೇ ಅವರನ್ನು ಬೈದರೆ ಈ ಬರಹ ಅರ್ಧವಾಗುತ್ತದೆ. ನಮ್ಮಲ್ಲೇ ಮೊದಲು ನೌಕರಿ ಹಿಡಿದವರು ಎಲ್ಲಿದ್ದಾರೆ? ಬೆಂಗಳೂರಲ್ಲಿ, ಕಲಬುರಗಿಯ ಹೊಸ ಬಡಾವಣೆಗಳಲ್ಲಿ. ಮನೆಗೆ ಸಂಸ್ಕೃತದ ಹೆಸರು, ಮಕ್ಕಳಿಗೆ ಕೇರಿಯ ದಾರಿ ಗೊತ್ತಿಲ್ಲ. ಊರಿಗೆ ಬಂದರೆ ಕಾರು ರೋಡಿಗೇ ನಿಲ್ಲುತ್ತದೆ. ಓದಿದವರೇ ಕೈಕೊಟ್ಟರೆಂದು ಬಾಬಾಸಾಹೇಬರು 1956ರ ಮಾರ್ಚಿನಲ್ಲಿ ಆಗ್ರಾದಲ್ಲಿ ನೊಂದು ನುಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಮಾತು ನಮ್ಮ ಅಣ್ಣಂದಿರ ಪಾಲಿಗೆ ಮಾತ್ರ ಅಂತ ತಿಳಿದಿದ್ದೆವು. ಬಸ್ ಸ್ಟ್ಯಾಂಡಿನಿಂದ ಅವ್ವನನ್ನು ತಿರುಗಿ ಕಳಿಸಿದವರು ನಾವು.

ನೌಕರಿ ಬೇಡ ಅಂತ ನಾವು ಹೇಳುತ್ತಿಲ್ಲ. ಹಸಿದ ಮನೆಯವರು ನೌಕರಿ ಬೇಡ ಅಂದರೆ ಅದು ಸೋಗು. ಅರ್ಜಿ ಹಾಕುತ್ತೇವೆ, ಪರೀಕ್ಷೆ ಬರೆಯುತ್ತೇವೆ. ಆದರೆ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗಿಗೆ ಕೂತು, ಮೂವತ್ತು ದಾಟುವ ತನಕ ಕೇರಿಯನ್ನು ಮರೆಯಲು ನಮಗೆ ಇಷ್ಟವಿಲ್ಲ. ಪರೀಕ್ಷೆಯ ತಾರೀಖು ಮುಂದೆ ಹೋಗುತ್ತದೆ. ಕೇರಿಯ ಕೆಲಸ ಮುಂದೆ ಹಾಕಲು ಆಗದು.

ಯಾವ ಕೆಲಸ? ಅಕ್ಷರದ ಕೆಲಸ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ನಿಯಮ ಮೀರಿ ಪರಭಾರೆಯಾಗಿದ್ದರೆ ತಿರುಗಿ ಕೊಡಿಸಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ಬಹಳ ವರ್ಷ ತಡವಾಯಿತೆಂದು ಕೋರ್ಟುಗಳು ಕೇಸುಗಳನ್ನು ವಜಾ ಮಾಡಿದವು. ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ಆಯಿತು. ಅದಕ್ಕಾಗಿ ನಮ್ಮ ಜನ ತಿಂಗಳುಗಟ್ಟಲೆ ಬೆಂಗಳೂರಲ್ಲಿ ಧರಣಿ ಕೂತಿದ್ದರು. ಆಗ ನಾವು ಸೆಮಿಸ್ಟರ್ ಪರೀಕ್ಷೆಗೆ ಅದೇ ಸಂವಿಧಾನದ ನೋಟ್ಸು ಬಾಯಿಪಾಠ ಮಾಡುತ್ತಿದ್ದೆವು. ಅರ್ಜಿ ಕೊಡಬೇಕಾದ್ದು ಬಸವಕಲ್ಯಾಣದ ಉಪವಿಭಾಗಾಧಿಕಾರಿಗೆ. ಮಂಟಪ ನೋಡಲು ಹೋಗುವವರು ಆ ಕಚೇರಿಯ ಮೆಟ್ಟಿಲನ್ನೂ ಒಮ್ಮೆ ಹತ್ತಿ ನೋಡಬೇಕು. ಕೇರಿಯ ಎಷ್ಟು ಮನೆಯಲ್ಲಿ ಅಂಥ ಕಾಗದ ಇದೆಯೋ ಯಾರೂ ಎಣಿಸಿಲ್ಲ. ಎಣಿಸಲು ಓದು ಬರುವವರು ಬೇಕು. ಬಿ.ಎ.ಗೆ ಏನ್ ಮಾಡ್ತಾರ ಅಂತ ಅವ್ವ ಕೇಳಿದಳಲ್ಲ, ಇದನ್ನ ಮಾಡ್ತಾರವ್ವ.

ಬರುವ ಐತಾರದಿಂದ ಸಂಜೆ ಕೊಡಂಬಲದ ಕೇರಿಯಲ್ಲಿ ಕೂಡುತ್ತೇವೆ. ಪಹಣಿ, ಮಂಜೂರಾತಿ ಪತ್ರ, ಹೆಬ್ಬೆಟ್ಟು ಒತ್ತಿಸಿಕೊಂಡ ಖರೀದಿ ಕಾಗದ, ಹರಿದದ್ದಿರಲಿ ಗೆದ್ದಲು ತಿಂದದ್ದಿರಲಿ, ಮನೆಯ ಟ್ರಂಕಿನಲ್ಲಿದ್ದದ್ದನ್ನೆಲ್ಲ ತನ್ನಿ. ನಿಜಾಮನ ಕಾಲದ ಕಾಗದಗಳು ಉರ್ದುವಿನಲ್ಲಿರುತ್ತವೆ, ನಮಗೆ ಓದಲು ಬರುವುದಿಲ್ಲ. ನಿಮ್ಮೂರಲ್ಲಿ ಉರ್ದು ಬಲ್ಲ ಹಿರಿಯರಿದ್ದರೆ ಕೈ ಹಿಡಿದು ಕರಕೊಂಡು ಬನ್ನಿ. ಮಾಸ್ತರರು ಬಂದರೆ ಇನ್ನೂ ಒಳ್ಳೆಯದು, ನಮ್ಮ ಅರ್ಜಿಗಳ ಕಾಗುಣಿತ ತಿದ್ದಬಹುದು. ನಮ್ಮ ಟ್ರಂಕಿನಲ್ಲಿದ್ದ ಫೋಟೋ ಹೊರಗೆ ಬಂದಿದೆ, ಒಂದು ಮೂಲೆಯ ಗಾಜು ಒಡೆದಿದೆ. ಅಲ್ಲೇ ಗೋಡೆಗೆ ಹಾಕುತ್ತೇವೆ.