ನಿದ್ದೆಗೆಟ್ಟವನಿಗೆ ಕನಸಿನ ಪಾಠ ಹೇಳಬೇಡಿ

ಕಳೆದ ತಿಂಗಳು ನಾನು ಕೆಲಸ ಮಾಡುವ ಕಂಪನಿಯಿಂದ ಒಂದು ಮೇಲ್ ಬಂತು. ನೌಕರರ ಆರೋಗ್ಯಕ್ಕಾಗಿ ನಿದ್ದೆಯ ಬಗ್ಗೆ ಒಂದು ಗಂಟೆಯ ವೆಬಿನಾರ್. ಸಮಯ ರಾತ್ರಿ 12.30. ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಅಮೆರಿಕದ ಆಸ್ಪತ್ರೆಗಳ ಬಿಲ್ಲು ಸರಿಪಡಿಸುವ ನಮ್ಮಂಥವರಿಗೆ ಅದು ಊಟದ ವಿರಾಮ. ವಿಷಯ ಇನ್ನೂ ಸೊಗಸಾಗಿತ್ತು: 'ನಿದ್ದೆಯ ಹೊತ್ತನ್ನೂ ಬೆಳವಣಿಗೆಗೆ ಬಳಸಿಕೊಳ್ಳಿ: ಲೂಸಿಡ್ ಡ್ರೀಮಿಂಗ್ ಪರಿಚಯ.'

ಓದಿ ನನಗೆ ನಗು ಬರಲಿಲ್ಲ. ಆ ಪಾಠವನ್ನು ನಾನು ಕಳೆದ ವರ್ಷವೇ, ಬೇಗಂ ಬಜಾರಿನ ಒಂದು ರೂಮಿನಲ್ಲಿ, ಏಳು ವಾರ ಕೂತು ಕಲಿತಿದ್ದೆ. ಅದಕ್ಕೆ ದಂಡ ತೆತ್ತವಳು ನನ್ನ ತಂಗಿ. ಅದಕ್ಕೇ ಈ ಬರಹ.

ನಾನು ಭಾಲ್ಕಿ ಕಡೆಯವನು. ಹೈಟೆಕ್ ಸಿಟಿಯ ಹತ್ತಿರ ಪಿಜಿ ಹಿಡಿಯಬಹುದಿತ್ತು. ಆದರೆ ಸೋದರಮಾವ ಬೇಗಂ ಬಜಾರಿನ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಬಳಿ ಲೆಕ್ಕ ಬರೆಯುತ್ತಾರೆ, ಗೋದಾಮಿನ ಮೇಲಿನ ರೂಮು ಬಾಡಿಗೆಯಿಲ್ಲದೆ ಸಿಕ್ಕಿತು. ಉಳಿದ ಬಾಡಿಗೆ ತಂಗಿಯ ಬಿ.ಎಡ್. ಫೀ ಆಯಿತು. ಬೇಗಂ ಬಜಾರ್ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇದು ಹೈದರಾಬಾದಿನ ದೊಡ್ಡ ಸಗಟು ಪೇಟೆ. ಒಣಹಣ್ಣು, ಮಸಾಲೆ, ಪಾತ್ರೆ, ಪ್ಲಾಸ್ಟಿಕ್, ಪೂಜಾ ಸಾಮಾನು, ಏನು ಬೇಕಾದರೂ ಮೂಟೆ ಲೆಕ್ಕದಲ್ಲಿ ಸಿಗುತ್ತದೆ. ಹಗಲು ಗಿರಾಕಿಗಳ ಗದ್ದಲ, ರಾತ್ರಿ ಸರಕು ಇಳಿಸುವವರ ಗದ್ದಲ. ನನ್ನ ಶಿಫ್ಟು ಹದಿನೈದು ದಿನ ಸಂಜೆ 6.30ರಿಂದ ಬೆಳಗಿನ 3.30ರವರೆಗೆ, ಮುಂದಿನ ಹದಿನೈದು ದಿನ ರಾತ್ರಿ 8.30ರಿಂದ ಬೆಳಗಿನ 5.30ರವರೆಗೆ. ಕ್ಯಾಬು ಅಫ್ಜಲ್‌ಗಂಜ್‌ನಲ್ಲಿ ಇಳಿಸಿ ಹೋಗುವ ಹೊತ್ತಿಗೆ ನಮ್ಮ ಗಲ್ಲಿಯಲ್ಲಿ ಹಮಾಲರು ಕೊನೆಯ ಮೂಟೆಗಳನ್ನು ಹೊರುತ್ತಿರುತ್ತಿದ್ದರು. ಹಾಸಿಗೆಗೆ ಬಿದ್ದರೆ ಎದೆ ಡವಡವ. ಕೆಳಗಿನಿಂದ ಮೆಣಸಿನ ಘಾಟು. ಹತ್ತಕ್ಕೆ ಬೀದಿಯ ಶಟರುಗಳು ಒಂದೊಂದಾಗಿ ಏಳುತ್ತಿದ್ದವು. ದಿನಕ್ಕೆ ನಾಲ್ಕು ಗಂಟೆ ನಿದ್ದೆ ಬಂದರೆ ಹಬ್ಬ.

ಮಾವ ಹೇಳುತ್ತಿದ್ದದ್ದು ಒಂದೇ ಗಾದೆ: ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಸಂತೆಯ ತಲೆಯ ಮೇಲೇ ಮಲಗಿದ್ದವನಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇಕೆ? ನಿದ್ದೆ ಬರದಿದ್ದರೆ ಅದು ನಿನ್ನ ಮನಸ್ಸಿನ ದೋಷ ಎಂದು ಆ ಗಾದೆ ತೀರ್ಪು ಕೊಟ್ಟುಬಿಡುತ್ತದೆ. ದೋಷ ಮನಸ್ಸಿನದಾದರೆ ಮನಸ್ಸನ್ನೇ ತಿದ್ದಿಕೊಳ್ಳೋಣ ಎಂದು ಹೊರಟವನ ಕೈಗೆ ಸಿಕ್ಕಿದ್ದು ಲೂಸಿಡ್ ಡ್ರೀಮಿಂಗ್.

ಕನಸು ಕಾಣುತ್ತಿರುವಾಗಲೇ ಇದು ಕನಸು ಎಂದು ತಿಳಿಯುವುದು, ತಿಳಿದು ಅದನ್ನು ಬೇಕಾದ ಕಡೆ ತಿರುಗಿಸುವುದು. ಅರಿವಿನ ಕನಸು ಅನ್ನೋಣ. ಇದು ಬುರುಡೆಯಲ್ಲ. ಈ ಅನುಭವಕ್ಕೆ ಇಂಗ್ಲಿಷಿನಲ್ಲಿ ಇಂದಿನ ಹೆಸರು ಚಾಲ್ತಿಗೆ ಬಂದದ್ದು ಡಚ್ ಮನೋವೈದ್ಯ, ಲೇಖಕ ಫ್ರೆಡೆರಿಕ್ ವಾನ್ ಈಡನ್ 1913ರಲ್ಲಿ ಬರೆದ ಪ್ರಬಂಧದಿಂದ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್, ಮಲಗಿದ್ದ ವ್ಯಕ್ತಿಯೊಬ್ಬ ಕನಸಿನೊಳಗಿನಿಂದಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸಿ ಕಳಿಸಿದ ಸಂಕೇತವನ್ನು ಯಂತ್ರದಲ್ಲಿ ಹಿಡಿದರು. ಆ ಬಳಿಕ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಅದನ್ನೇ ಸ್ವತಂತ್ರವಾಗಿ ತೋರಿಸಿಕೊಟ್ಟು, ಕಲಿಸುವ ವಿಧಾನಗಳನ್ನೂ ರೂಪಿಸಿದರು. ವಿಜ್ಞಾನದ ಜೊತೆ ನನಗೆ ಜಗಳವಿಲ್ಲ. ಜಗಳ ಇರುವುದು ಅದನ್ನು ನಿದ್ದೆಯಿಲ್ಲದವರಿಗೆ ಮಾರುವವರ ಜೊತೆ.

ವಿಧಾನ ಏನೆಂದು ಕೇಳಿ. ಮಲಗಿದ ನಾಲ್ಕೂವರೆ, ಐದು ಗಂಟೆಗೆ ಅಲಾರಂ ಇಟ್ಟು ಎದ್ದು ಕೂರಬೇಕು. ಅರ್ಧ ಗಂಟೆ ಎಚ್ಚರವಿರಬೇಕು. ಕಂಡ ಕನಸನ್ನು ಬರೆದಿಡಬೇಕು. 'ಮುಂದಿನ ಕನಸಿನಲ್ಲಿ ಇದು ಕನಸೆಂದು ನೆನಪಿಸಿಕೊಳ್ಳುತ್ತೇನೆ' ಎಂದು ಜಪಿಸುತ್ತ ಮತ್ತೆ ಮಲಗಬೇಕು. ಇದಕ್ಕೊಂದು ಕಾರಣವಿದೆ. ನಿದ್ದೆ ಸುಮಾರು ತೊಂಬತ್ತು ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ, ಗಾಢ ಕನಸು ಬೀಳುವ ಭಾಗ ಕೊನೆಯ ಸುತ್ತುಗಳಲ್ಲಿ ಉದ್ದವಾಗುತ್ತದೆ. ಜೊತೆಗೆ ಎಚ್ಚರವಿರುವಾಗಲೂ ಆಗಾಗ ಬೆರಳು ಎಣಿಸಬೇಕು, ಮೂಗು ಹಿಡಿದು ಉಸಿರೆಳೆದು ನೋಡಬೇಕು, ಬೋರ್ಡನ್ನು ಎರಡು ಸಲ ಓದಬೇಕು, 'ಇದು ಕನಸೋ ನಿಜವೋ' ಎಂದು ಕೇಳಿಕೊಳ್ಳಬೇಕು. ಈ ರೂಢಿ ಕನಸಿನೊಳಕ್ಕೂ ಇಳಿಯುತ್ತದಂತೆ.

ಎಂಟು ಗಂಟೆ ಮಲಗುವವನಿಗೆ ಇದು ಆಟ. ನಾಲ್ಕು ಗಂಟೆ ಮಲಗುವವನು ಅಲಾರಂ ಎಲ್ಲಿ ಇಡಬೇಕು? ನಾನು ಎರಡೂವರೆ ಗಂಟೆಗೆ ಇಟ್ಟೆ. ಸಿಕ್ಕ ಗಂಜಿಯನ್ನೂ ಅರ್ಧಕ್ಕೆ ನಿಲ್ಲಿಸಿ ರುಚಿ ಬರೆದುಕೊಳ್ಳುವ ಕೆಲಸ ಅದು. ಎದ್ದು, ಬರೆದು, ಮತ್ತೆ ಮಲಗುವ ಹೊತ್ತಿಗೆ ಶಟರು ಏಳುತ್ತಿತ್ತು.

ಏಳು ವಾರಗಳಲ್ಲಿ ಗೆದ್ದದ್ದು ಎರಡು ಸಲ. ಒಮ್ಮೆ ಕನಸಿನಲ್ಲಿ ನಮ್ಮ ಗಲ್ಲಿಯೇ ಇತ್ತು. ಎಲ್ಲ ಅಂಗಡಿಗಳೂ ಮುಚ್ಚಿದ್ದವು. ಗಾಡಿಯಿಲ್ಲ, ಮನುಷ್ಯರಿಲ್ಲ, ಘಾಟಿಲ್ಲ. ಬೆರಳು ಎಣಿಸಿದರೆ ಏಳು. ತಕ್ಷಣ ತಿಳಿಯಿತು, ಇದು ಕನಸು, ನಾನೀಗ ಹಾರಬಹುದು, ಸಮುದ್ರಕ್ಕೆ ಹೋಗಬಹುದು, ಯಾರನ್ನು ಬೇಕಾದರೂ ಕರೆಯಬಹುದು. ನಾನು ಮಾಡಿದ್ದೇನು ಗೊತ್ತೆ? ಒಂದು ಗೋಣಿಚೀಲದ ರಾಶಿ ಹುಡುಕಿ ಅದರ ಮೇಲೆ ಮಲಗಿದೆ. ಮಲಗಿದ ಕೂಡಲೇ ಎಚ್ಚರವಾಯಿತು. ಇಡೀ ಕನಸಿನ ಲೋಕವೇ ಕೈಗೆ ಬಂದಾಗ ಈ ಬಡಪಾಯಿ ಕೇಳಿದ ವರ ನಿದ್ದೆ. ಪಾಠವನ್ನು ಅವತ್ತೇ ಬಿಡಬೇಕಿತ್ತು. ಬಿಡಲಿಲ್ಲ.

ಮುಂದಿನ ವಾರ ತಂಗಿಯ ಫೋನು ಬಂತು. "ಅಣ್ಣಾ, ಪರೀಕ್ಷಾ ಫೀ ಕಟ್ಟೀನಿ ಅಂದಿದ್ದೆಲ್ಲ? ಕಾಲೇಜ್‌ನ್ಯಾಗ ಬಂದಿಲ್ಲ ಅಂತಾರ." ಕಟ್ಟಿದ್ದೆ ಎಂದು ಗದರಿದೆ. ಮೊಬೈಲ್ ಪರದೆ, ಮೊತ್ತ, ಹಸಿರು ಗುರುತು ಎಲ್ಲವೂ ನನಗೆ ಚೆನ್ನಾಗಿ ನೆನಪಿತ್ತು. ಬ್ಯಾಂಕಿನ ಲೆಕ್ಕ ತೆರೆದರೆ ಏನೂ ಇಲ್ಲ. ಅನುಮಾನ ಬಂದು ಕನಸಿನ ಪುಸ್ತಕ ತೆರೆದೆ. ಮಂಗಳವಾರದ ಪುಟದಲ್ಲಿ ನನ್ನದೇ ಅಕ್ಷರ: 'ತಂಗಿಯ ಫೀ ಕಟ್ಟಿದೆ. ಹಸಿರು ಬಣ್ಣ ಬಹಳ ಸ್ಪಷ್ಟ.' ಕೊನೆಯ ದಿನಾಂಕ ದಾಟಿತ್ತು. ದಂಡದ ಜೊತೆ ಕಟ್ಟಲು ಅವಳು ಗೆಳತಿಯರ ಬಳಿ ಕೈಚಾಚಿ, ಎರಡು ದಿನ ಕಚೇರಿಯ ಮುಂದೆ ನಿಲ್ಲಬೇಕಾಯಿತು. ನಿಜವನ್ನು ಅವಳಿಗೆ ಹೇಳಲು ನನಗೆ ಮೂರು ತಿಂಗಳು ಬೇಕಾಯಿತು. ಕನಸಿನಲ್ಲಿ ಕಟ್ಟಿದೆ ಕಣವ್ವಾ ಎಂದು ಯಾವ ಬಾಯಲ್ಲಿ ಹೇಳುವುದು?

ಇದನ್ನು ಯಾರೋ ಒಬ್ಬನ ಎಡವಟ್ಟು ಎಂದು ತಳ್ಳಿಹಾಕಬೇಡಿ. ನಿದ್ದೆಗೆಟ್ಟ ತಲೆಗೆ ನೆನಪು ಮೊದಲೇ ಮಸುಕು. ಅಂಥ ತಲೆಗೆ ಕನಸನ್ನು ಇನ್ನಷ್ಟು ನಿಚ್ಚಳವಾಗಿ ನೆನಪಿಟ್ಟುಕೋ, ನಿಜವನ್ನು ಇನ್ನಷ್ಟು ಅನುಮಾನಿಸು ಎಂದು ದಿನವಿಡೀ ತರಬೇತಿ ಕೊಟ್ಟರೆ ಎರಡರ ನಡುವಿನ ಬೇಲಿ ಉಳಿಯುವುದಾದರೂ ಹೇಗೆ?

ಮೂಲದಲ್ಲೇ ತಪ್ಪಿದೆ. ನಿದ್ರಾಹೀನತೆ ಎಂದರೆ ನಿದ್ದೆಯ ಬಡತನ ಮಾತ್ರ ಅಲ್ಲ, ಎಚ್ಚರದ ಅತಿರೇಕವೂ ಹೌದು. ಹಾಸಿಗೆ ಪರೀಕ್ಷಾ ಕೊಠಡಿಯಾಗಿರುತ್ತದೆ. ಬಂತೇ, ಎಷ್ಟಾಯಿತು, ಇನ್ನೆಷ್ಟು ಉಳಿಯಿತು ಎಂದು ತಲೆ ಪಹರೆ ಕಾಯುತ್ತಿರುತ್ತದೆ. ಕೈಗೆ ಕಟ್ಟಿದ ಯಂತ್ರದ ಅಂಕಿ ನೋಡಿ ನೋಡಿ ನಿದ್ದೆ ಕಳೆದುಕೊಳ್ಳುವವರಿಗೆಂದೇ 2017ರಲ್ಲಿ ಅಮೆರಿಕದ ಸಂಶೋಧಕರು 'ಆರ್ಥೋಸೋಮ್ನಿಯಾ' ಎಂಬ ಹೆಸರಿಟ್ಟರು. ಇಂಥ ಪಹರೆಯವನಿಗೆ ಬೇಕಾದ್ದು ರಜೆ. ಅರಿವಿನ ಕನಸಿನ ಪಾಠ ಅವನಿಗೆ ಕೊಡುವುದು ಇನ್ನೊಂದು ಡ್ಯೂಟಿ: ಕನಸಿನೊಳಗೂ ನಿಂತು ಕಾಯಿ.

ಕೊನೆಗೆ ನಾನು ಒಂದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯೆಯ ಬಳಿ ಹೋದೆ. ಕನಸಿನ ಪುಸ್ತಕ ತೋರಿಸಿದೆ. ಅವರು ಎರಡು ಪುಟ ತಿರುವಿ, "ಮೊದಲು ಆ ಅಲಾರಂ ತೆಗೆದುಹಾಕಿ" ಅಂದರು. ಅವರು ಹೇಳಿದ್ದರಲ್ಲಿ ಮಾಯೆ ಏನೂ ಇರಲಿಲ್ಲ. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗಿ. ಇಪ್ಪತ್ತು ನಿಮಿಷದಷ್ಟು ಹೊತ್ತಾದರೂ ಬರದಿದ್ದರೆ ಎದ್ದು ಬೇರೆ ಕಡೆ ಕೂತುಕೊಳ್ಳಿ. ಎಷ್ಟೇ ಮಲಗಿರಿ, ಏಳುವ ಹೊತ್ತು ಒಂದೇ ಇರಲಿ. ಹಾಸಿಗೆಯಲ್ಲಿ ಮೊಬೈಲೂ ಬೇಡ, ಪುಸ್ತಕವೂ ಬೇಡ. ಇದು ಸಿಬಿಟಿ-ಐ ಎಂಬ ಚಿಕಿತ್ಸೆಯ ಭಾಗ. ಇದರ ಕೆಲವು ಸೂತ್ರಗಳನ್ನು ರಿಚರ್ಡ್ ಬೂಟ್ಜಿನ್ 1972ರಲ್ಲೇ ಹೇಳಿದ್ದರು. ಬಹುಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಎಂದು 2016ರಲ್ಲಿ ಅಮೆರಿಕದ ವೈದ್ಯರ ಕಾಲೇಜು ಶಿಫಾರಸು ಮಾಡಿತು. ಗಮನಿಸಿ, ಇದರ ಒಂದೊಂದು ನಿಯಮವೂ ಕನಸಿನ ಪಾಠಕ್ಕೆ ತದ್ವಿರುದ್ಧ. ಅದು ನಿದ್ದೆಯನ್ನು ಒಡೆಯುತ್ತದೆ, ಇದು ನಿದ್ದೆಯನ್ನು ಒಟ್ಟುಗೂಡಿಸುತ್ತದೆ.

ಇಲ್ಲಿ ನಮ್ಮವರೇ ಒಬ್ಬರು ಎದ್ದು ನಿಲ್ಲುತ್ತಾರೆ. "ಇದೇನು ವಿದೇಶಿ ವಿದ್ಯೆಯಲ್ಲ, ಮಾಂಡೂಕ್ಯ ಓದಿ, ನಾರೋಪನ ಆರು ಯೋಗಗಳಲ್ಲಿ ಸ್ವಪ್ನಯೋಗ ಇಲ್ಲವೇ?" ಅನ್ನುತ್ತಾರೆ. ಇದೆ. ಆದರೆ ಟಿಬೆಟಿನ ಆ ಸಾಧನೆ ಗುರುವಿನ ಕಣ್ಣೆದುರು ವರ್ಷಗಟ್ಟಲೆ ಸಾಗುವ ಹಾದಿಯ ಒಂದು ಭಾಗ. ಶಿಫ್ಟು ಮುಗಿಸಿ ಬಂದವನ ಉತ್ಪಾದಕತೆ ಹೆಚ್ಚಿಸಲು ಹೇಳಿದ್ದಲ್ಲ. ಮಾಂಡೂಕ್ಯ ಎಚ್ಚರ, ಕನಸು, ಗಾಢನಿದ್ದೆ, ನಾಲ್ಕನೆಯದು ಎಂದು ಎಣಿಸುವಾಗ ಕನಸನ್ನು ಆಳುವವನನ್ನು ಎತ್ತಿ ಕೂರಿಸುವುದಿಲ್ಲ. ಆನಂದ ಎಂಬ ಮಾತು ಅಲ್ಲಿ ಬರುವುದು ಬಯಕೆಯೂ ಕನಸೂ ಇಲ್ಲದ ಸುಷುಪ್ತಿಯ ಜೊತೆಗೆ. ಬೃಹದಾರಣ್ಯಕವಂತೂ ಮಲಗಿದವನನ್ನು ಥಟ್ಟನೆ ಎಬ್ಬಿಸಬಾರದೆಂಬ ಹಿರಿಯರ ಮಾತನ್ನು ನೆನಪಿಸುತ್ತದೆ. ಚರಕ ಶರೀರದ ಮೂರು ಆಧಾರಗಳಲ್ಲಿ ಆಹಾರದ ಪಕ್ಕದಲ್ಲೇ ನಿದ್ದೆಯನ್ನು ಇಡುತ್ತಾನೆ. ಪರಂಪರೆಯನ್ನು ಸಾಕ್ಷಿಗೆ ಕರೆಯುವುದಾದರೆ ಸಾಕ್ಷಿ ನನ್ನ ಕಡೆಗೇ ಹೇಳುತ್ತದೆ.

ಅರಿವು ನಮ್ಮ ಕೈಯ ಸ್ವಿಚ್ಚು ಎಂಬ ಭರವಸೆಗೆ ನಮ್ಮ ಓಣಿಯ ಪಕ್ಕದಲ್ಲೇ ಒಂದು ಹಳೆಯ ಕತೆಯಿದೆ. ಅಫ್ಜಲ್‌ಗಂಜ್‌ನ ಆಸ್ಪತ್ರೆಯಲ್ಲಿದ್ದ ಸರ್ಜನ್ ಎಡ್ವರ್ಡ್ ಲಾರಿ, ಆರನೆಯ ನಿಜಾಮರ ಹಣದಿಂದ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದರು. ಉಸಿರಾಟವೊಂದನ್ನು ನೋಡಿಕೊಂಡರೆ ಸಾಕು, ಕ್ಲೋರೋಫಾರ್ಮ್ ನೇರವಾಗಿ ಹೃದಯವನ್ನು ನಿಲ್ಲಿಸುವುದಿಲ್ಲ ಎಂದು ಸಾರಿದರು. ನಿಲ್ಲಿಸಬಲ್ಲದು ಎಂದು 1911ರಲ್ಲಿ ಗುಡ್‌ಮನ್ ಲೆವಿ ಪ್ರಯೋಗದಿಂದ ತೋರಿಸಿದರು. ಎಚ್ಚರವನ್ನು ಆರಿಸುವುದಾಗಲಿ ಹಚ್ಚುವುದಾಗಲಿ, ಆತ್ಮವಿಶ್ವಾಸ ಮುಂದೆ ಓಡಿದಾಗ ಬೆಲೆ ತೆರುವುದು ಮಲಗಿದವನ ಮೈ.

ಒಂದು ಮಾತು ಒಪ್ಪುತ್ತೇನೆ. ಚೆನ್ನಾಗಿ ನಿದ್ದೆ ಮಾಡುವವರಿಗೆ ಇದು ಚಂದದ ಹವ್ಯಾಸವಿರಬಹುದು. ಪದೇ ಪದೇ ಒಂದೇ ಕೆಟ್ಟ ಕನಸು ಬಿದ್ದು ನರಳುವ ಕೆಲವರಿಗೆ ತಜ್ಞರ ಕೈಯಲ್ಲಿ ಇದು ನೆರವಾದದ್ದೂ ಉಂಟು. ಅವರು ಕಲಿಯಲಿ. ಆದರೆ ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಮೂರು ತಿಂಗಳು ದಾಟಿದ್ದರೆ ನಿಮಗೆ ಬೇಕಾದ್ದು ವೈದ್ಯರು, ಕನಸಿನ ಕೋಚ್ ಅಲ್ಲ.

ಇನ್ನು ಆ ಗಾದೆ. ನಮ್ಮ ಗೋದಾಮಿನಲ್ಲಿ ಕೃಷ್ಣಾ ಕಡೆಯ ಹಮಾಲಿ ಕಾಕಾ ಒಬ್ಬರಿದ್ದಾರೆ, ಕನ್ನಡದವರು. ಮಧ್ಯಾಹ್ನ ಹಾರ್ನುಗಳ ನಡುವೆ ಮೂಟೆಗಳ ಮೇಲೆ ಗೊರಕೆ ಹೊಡೆಯುತ್ತಾರೆ. ಮಾವನ ಗಾದೆಗೆ ಜೀವಂತ ಉದಾಹರಣೆ ಅವರೇ. ಒಂದು ದಿನ ಕೇಳಿದೆ, ಕಾಕಾ, ನಿಮಗೆ ಚಿಂತಿ ಇಲ್ಲೇನು? ಅವರು ನಕ್ಕರು. "ಎರಡು ಹೆಣ್ಮಕ್ಕಳ ಲಗ್ನದ ಸಾಲ ಐತಿ ತಮ್ಮಾ. ರಾತ್ರಿಯೆಲ್ಲ ಮೂಟಿ ಹೊತ್ತ ಮೈ, ಬೀಳ್ತದ. ಅದು ನಿದ್ದಿ ಅಲ್ಲ, ಸೋಲೂದು." ಗಾದೆ ಕಟ್ಟಿದವನು ಸಂತೆಯಲ್ಲಿ ಮಲಗಿದವನ ಹತ್ತಿರ ಹೋಗಿ ಕೇಳಿರಲಿಲ್ಲ ಅನ್ನಿಸುತ್ತದೆ.

ನಮ್ಮ ನಿದ್ದೆ ಕೆಡಿಸಿದ್ದು ನಮ್ಮ ಮನಸ್ಸಿನ ಬಲಹೀನತೆಯಲ್ಲ, ಹದಿನೈದು ದಿನಕ್ಕೊಮ್ಮೆ ತಿರುಗುವ ಶಿಫ್ಟು. ದೇಹದ ಗಡಿಯಾರವನ್ನು ಕೆಡಿಸುವ ರಾತ್ರಿಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ 'ಪ್ರಾಯಶಃ ಕ್ಯಾನ್ಸರ್‌ಕಾರಕ' ಎಂಬ ಪಟ್ಟಿಗೆ ಸೇರಿಸಿತು, 2019ರಲ್ಲಿ ಮತ್ತೆ ಅದನ್ನೇ ಹೇಳಿತು. ಆದರೂ ನಮಗೆ ಸಿಗುವುದು ವೆಬಿನಾರ್. ಶಿಫ್ಟು ಬದಲಿಸಿದರೆ ಕಂಪನಿಗೆ ಖರ್ಚು, ಕನಸು ಕಲಿಸಿದರೆ ಖರ್ಚಿಲ್ಲ. ರಾತ್ರಿಯನ್ನು ಕೊಂಡುಕೊಂಡವರು ಹಗಲಿನ ತುಂಡು ನಿದ್ದೆಗೂ ಗುರಿ ನಿಗದಿ ಮಾಡಲು ಹೊರಟಿದ್ದಾರೆ. ನಾವೂ ಕಡಿಮೆಯಿಲ್ಲ. ಊರು ಬಿಟ್ಟು ಬಂದವರಿಗೆ ಸುಮ್ಮನಿರುವುದೇ ಅಪರಾಧ ಅನ್ನಿಸುತ್ತದೆ. ಮಲಗಿದಾಗಲೂ ಏನಾದರೂ ಕಲಿಯದಿದ್ದರೆ ಹಿಂದುಳಿದೆವೆಂಬ ಭಯ.

ವೈದ್ಯೆಯ ಚೀಟಿ ಹಿಡಿದು ಮೂರು ಸಲ ಅರ್ಜಿ ಕೊಟ್ಟ ಮೇಲೆ ನನಗೆ ಮಧ್ಯಾಹ್ನ 1ರಿಂದ ರಾತ್ರಿ 10ರವರೆಗಿನ ಶಿಫ್ಟು ಸಿಕ್ಕಿತು. ರಾತ್ರಿಯ ಭತ್ಯೆ ಹೋಯಿತು. ನನ್ನ ಪಕ್ಕದ ಸೀಟಿನ ಹುಡುಗನಿಗೆ ಇನ್ನೂ ಸಿಕ್ಕಿಲ್ಲ. ವೆಬಿನಾರಿಗೆ ಸೇರುತ್ತೇನೆ ಎಂದ ಅವನಿಗೆ ನಾನು ಹೇಳಿದ್ದು ಇಷ್ಟು: ಸೇರು, ಕೊನೆಯಲ್ಲಿ ಪ್ರಶ್ನೆ ಕೇಳಿ ಅನ್ನುತ್ತಾರಲ್ಲ, ಆಗ ಶಿಫ್ಟಿನ ಬಗ್ಗೆ ಕೇಳು.

ಅವನು ಕೇಳಿದನಂತೆ. ಸಮಯ ಮುಗಿಯಿತು ಅಂದರಂತೆ. ಆ ಹೊತ್ತಿಗೆ ನಾನು ರೂಮಿನಲ್ಲಿ ಮಲಗಿದ್ದೆ. ನಿದ್ದೆ ಬರಲು ಸ್ವಲ್ಪ ತಡವಾಯಿತು, ಒಮ್ಮೆ ಎದ್ದು ಕೂತೆ, ಮತ್ತೆ ಬಂತು. ಕನಸು ಬಿತ್ತೋ ಇಲ್ಲವೋ ನೆನಪಿಲ್ಲ.