ಸೀಸೆಯ ಮೇಲೆ ಬೆಲೆಯಿದೆ, ಲೆಕ್ಕವೆಲ್ಲಿ?

ಚಿಲ್ಲರೆ ಅಂಗಡಿಯವನ ತಕ್ಕಡಿಗೆ ಸರಕಾರದ ಮುದ್ರೆಯಿಲ್ಲದಿದ್ದರೆ ದಂಡ. ಇರಲಿ, ನ್ಯಾಯವೇ. ಆದರೆ ಕಾರ್ಮಿಕನ ಕೂಲಿ ಕಸಿಯುವ ಕೆಮ್ಮಿನ ಸಿರಪ್ಪಿಗೆ ಯಾವ ತಕ್ಕಡಿ? ಕುಡಿಸಿ, "ಹೇಗಿದೆ?" ಎಂದು ಕೇಳಿ, "ವಾಸಿ" ಎನ್ನಿಸಿಕೊಂಡರೆ ಅದು ಪರೀಕ್ಷೆಯೆ? ನೆಗಡಿಯ ಕೆಮ್ಮು ಎರಡು ಮೂರು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಕೀರ್ತಿ ಸೀಸೆಗೆ, ಲಾಭ ಧಣಿಗೆ!

ಕೆಮ್ಮನ್ನು ಅಳೆಯಲಾಗದೆಂಬ ನೆಪ ಇನ್ನು ನಡೆಯದು. ಇಂಗ್ಲೆಂಡಿನ ಮ್ಯಾಂಚೆಸ್ಟರ್, ಲೆಸ್ಟರ್ ನಗರಗಳ ಸಂಶೋಧಕರು ರೋಗಿಗೆ ಮೈಕ್ರೋಫೋನ್ ತೊಡಿಸಿ, 24 ಗಂಟೆಗಳ ಸದ್ದನ್ನು ಹಿಡಿದು, ಒಂದೊಂದು ಕೆಮ್ಮನ್ನೂ ಎಣಿಸುವ ದಾರಿ ಮಾಡಿದ್ದಾರೆ. ಕೆಲವರಿಗೆ ಮದ್ದು, ಕೆಲವರಿಗೆ ನೋಡಲು ಹಾಗೆಯೇ ಇರುವ ಹುಸಿಮದ್ದು. ಯಾರಿಗೆ ಯಾವುದೆಂದು ಕೊಟ್ಟವನಿಗೂ ತಿಳಿಯದು. 2006ರಲ್ಲಿ ಪ್ರಕಟವಾದ ಇಂಥ ಪರೀಕ್ಷೆಯೊಂದರಲ್ಲಿ, ಕೆಮ್ಮಿನ ಮದ್ದುಗಳ ರಾಜನೆನಿಸಿದ ಕೋಡೀನ್, ಶ್ವಾಸಕೋಶದ ಹಳೆಯ ಕಾಯಿಲೆಯವರಲ್ಲಿ ಹುಸಿಮದ್ದನ್ನು ಗೆಲ್ಲಲಿಲ್ಲ.

ಗೆಫಾಪಿಕ್ಸಾಂಟ್ ಎಂಬ ಹೊಸ ಗುಳಿಗೆಯ ಕಥೆ ಕೇಳಿ. ಎರಡು ದೊಡ್ಡ ಪರೀಕ್ಷೆಗಳಲ್ಲಿ ಅದನ್ನು ನುಂಗಿದವರ ಕೆಮ್ಮು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಭೇಷ್! ಆದರೆ ಹುಸಿಗುಳಿಗೆ ನುಂಗಿದವರದ್ದೂ ಅರ್ಧಕ್ಕಿಂತ ಹೆಚ್ಚೇ ಇಳಿದಿತ್ತು. ಪ್ರಯೋಜನ ಸಾಬೀತಾಗಲಿಲ್ಲವೆಂದು ಅಮೆರಿಕದ ಔಷಧ ಇಲಾಖೆ 2023ರಲ್ಲಿ ಪರವಾನಗಿ ನಿರಾಕರಿಸಿತು. (ಯೂರೋಪಿನವರು ಕೊಟ್ಟರು, ಅದು ಬೇರೆ ಜಗಳ.)

ನಮ್ಮಲ್ಲಿ? 2025ರಲ್ಲಿ ಮಧ್ಯಪ್ರದೇಶದ ಛಿಂದವಾಡದ ಕಡೆ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಸತ್ತರು. ವಿಷವಿದೆಯೇ ಎಂದು ನೋಡಿದರೆ ಸಾಲದು ಸ್ವಾಮಿ, ಗುಣವಿದೆಯೇ? ಎಣಿಸಿ. ಎಣಿಸಿದ ಅಂಕಿಯನ್ನು ಸೀಸೆಯ ಚೀಟಿಯ ಮೇಲೆ, ಬೆಲೆಯ ಪಕ್ಕದಲ್ಲೇ, ಕನ್ನಡದಲ್ಲಿ ಅಚ್ಚು ಹಾಕಿ. ಅಲ್ಲಿಯವರೆಗೆ ಮಾರಾಟ ನಿಲ್ಲಲಿ!