ಓದದ ಅಪ್ಪನ ಮಗ ಎಲ್ಲಿ ನಿಂತಿದ್ದಾನೆ?

ಒಂದೇ ಪ್ರಾಯದ ನೂರು ಗಂಡುಮಕ್ಕಳನ್ನು ಓದಿನ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿ. ಅತಿ ಕಡಿಮೆ ಓದಿದವನು ಒಂದನೆಯವ, ಅತಿ ಹೆಚ್ಚು ಓದಿದವನು ನೂರನೆಯವ. ಕಡಿಮೆ ಓದಿದ ಅಪ್ಪಂದಿರ ಮಕ್ಕಳು ಈ ಸಾಲಿನಲ್ಲಿ ಎಲ್ಲಿರುತ್ತಾರೆ? ಅವಕಾಶ ಎಲ್ಲರಿಗೂ ಸಮಾನವಾಗಿದ್ದರೆ ಅವರ ಸರಾಸರಿ ಸ್ಥಾನ 50ರ ಆಸುಪಾಸು ಇರಬೇಕು.

ಅರ್ಥಶಾಸ್ತ್ರಜ್ಞರಾದ ಸ್ಯಾಮ್ ಆಶರ್, ಪಾಲ್ ನೊವೊಸಾದ್ ಮತ್ತು ಚಾರ್ಲಿ ರಾಫ್ಕಿನ್ ಅವರ ಭಾರತದ ಕುರಿತ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಓದಿನಲ್ಲಿ ಕೆಳಗಿನ ಅರ್ಧದಲ್ಲಿರುವ ಅಪ್ಪಂದಿರ ಮಕ್ಕಳ ಪೈಕಿ ಪರಿಶಿಷ್ಟ ಜಾತಿಯವರು ಸುಮಾರು 38ನೇ ಸ್ಥಾನಕ್ಕೆ ಏರಿದ್ದಾರೆ. ಮುಸ್ಲಿಮರು ಮಾತ್ರ 29ರಲ್ಲಿದ್ದಾರೆ. ಹಿಂದಿನ ತಲೆಮಾರಿನಲ್ಲಿ ಇದು 31ಕ್ಕಿಂತ ಮೇಲಿತ್ತು. ಹಾಗಂತ ಮಕ್ಕಳು ಅಪ್ಪಂದಿರಿಗಿಂತ ಕಡಿಮೆ ಓದಿದ್ದಾರೆ ಎಂದಲ್ಲ. ಉಳಿದವರು ಇನ್ನೂ ವೇಗವಾಗಿ ಮುಂದೆ ಹೋದರು.

ಪರಿಶಿಷ್ಟರು ಮೇಲೆ ಬಂದದ್ದು ಹೇಗೆ? ಮೀಸಲಾತಿಯ ಪಾತ್ರ ದೊಡ್ಡದು ಎನ್ನುತ್ತದೆ ಇದೇ ಅಧ್ಯಯನ. 2023ರ ಮಾರ್ಚ್‌ನಲ್ಲಿ ಕರ್ನಾಟಕದ ಆಗಿನ ಸರ್ಕಾರ ಮುಸ್ಲಿಮರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸಿದಾಗ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅದನ್ನು ಓಲೈಕೆ ಎಂದು ಕರೆಯುವವರು ಈ 29 ಎಂಬ ಸಂಖ್ಯೆಗೆ ಉತ್ತರ ಕೊಡಬೇಕಾಗುತ್ತದೆ.

ಉತ್ತರ ಮನೆಯೊಳಗಿನವರೂ ಕೊಡಬೇಕು. ಹನ್ನೆರಡನೇ ಕ್ಲಾಸು ಮುಗಿಯುವ ಮೊದಲೇ ಮಗನ ಪಾಸ್‌ಪೋರ್ಟಿಗೆ ಓಡಾಡುವ ಅಪ್ಪ, ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನಾಂಕವನ್ನೂ ಒಮ್ಮೆ ವಿಚಾರಿಸಲಿ. ಮೀಸಲು ಸೀಟು ಕೈಗೆ ಸಿಕ್ಕರೂ ಅದರಲ್ಲಿ ಕೂರಲು ಹುಡುಗ ಊರಲ್ಲಿರಬೇಕಲ್ಲ!